ಅಪ್‌ಡೇಟ್: ಅಮ್ಮನ ಮೆಥೊಟ್ರೆಕ್ಸೇಟ್ ವಾಕರಿಕೆಗೆ ಪರಿಹಾರ ಸಿಕ್ಕಿತು

ರುಮಟಾಯ್ಡ್ ಸಂಧಿವಾತಕ್ಕೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ ನುಂಗಿದ ಮರುದಿನ ಅಮ್ಮನಿಗೆ ಒಗ್ಗರಣೆಯ ವಾಸನೆಯೂ ಸೇರದಷ್ಟು ವಾಕರಿಕೆ ಬರುತ್ತದೆ, ಏನು ಮಾಡಬಹುದು ಎಂದು ಕೇಳಿದ್ದೆ. ಶುಂಠಿ ಕಷಾಯದಿಂದಾಗಲಿ, ಮಾತ್ರೆಯನ್ನು ರಾತ್ರಿ ಊಟದ ನಂತರಕ್ಕೆ ಬದಲಿಸಿದ್ದರಿಂದಾಗಲಿ ಹೆಚ್ಚು ಪ್ರಯೋಜನವಾಗಲಿಲ್ಲ. ಅದೇ ಔಷಧವನ್ನು ಚುಚ್ಚುಮದ್ದಾಗಿ ಕೊಡಬಹುದೇ ಎಂದು ವೈದ್ಯರಲ್ಲಿ ವಿಚಾರಿಸಿ ಎಂದವರ ಸಲಹೆಯೇ ಫಲಿಸಿತು. ಹೊಟ್ಟೆಯ ಚರ್ಮದಡಿ ಚುಚ್ಚಿಸಿಕೊಂಡ ಮರುದಿನವೂ ಅಮ್ಮ ಈಗ ಎಂದಿನಂತೆ ಊಟ ಮಾಡುತ್ತಾರೆ. ಆ ಸಲಹೆ ಕೊಟ್ಟವರಿಗೆ ಧನ್ಯವಾದಗಳು. ಫೋಲಿಕ್ ಆಮ್ಲದ ಮಾತ್ರೆ ಮತ್ತು ರಕ್ತಪರೀಕ್ಷೆ ಮುಂದುವರಿದಿವೆ.

ಇದು ಕ್ಯಾನ್ಸರ್ ಔಷಧವೆಂಬ ಭಯ ನಮಗಿತ್ತು. ಸಂಧಿವಾತಕ್ಕೆ ಕೊಡುವ ಪ್ರಮಾಣ ಬಹಳ ಕಡಿಮೆಯೆಂದೂ, ಅಮೆರಿಕದಲ್ಲಿ 1988ರಲ್ಲೇ ಈ ಬಳಕೆಗೆ ಅನುಮತಿ ದೊರೆತಿತ್ತೆಂದೂ ತಿಳಿದು ಸಮಾಧಾನವಾಯಿತು. ಅಲ್ಲಿನ ಲೆಡರ್ಲಿ ಪ್ರಯೋಗಾಲಯದಲ್ಲಿ ಇದನ್ನು ರೂಪಿಸಿದ ತಂಡವನ್ನು ಮುನ್ನಡೆಸಿದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಎಂಬ ಸಂಗತಿ ಅಮ್ಮನಿಗೆ ಬಹಳ ಹಿಡಿಸಿದೆ.