‘ವಿಕಾಸ’ ಎಂದರೆ ಏಳಿಗೆಯೇ?

ಮಾನ್ಯರೇ,

ಪ್ರೌಢಶಾಲೆಯ ಮಕ್ಕಳಿಗಾಗಿ ಜೀವವಿಜ್ಞಾನದ ಒಂದು ಪಾಠ ಬರೆಯುತ್ತಿದ್ದೇನೆ. ಡಾರ್ವಿನ್ ಅವರ ‘ಎವಲ್ಯೂಷನ್’ಗೆ ನಾವೆಲ್ಲ ಬಳಸುತ್ತ ಬಂದಿರುವ ‘ವಿಕಾಸ’ ಎಂಬ ಪದ ಅಲ್ಲಿ ತೊಡಕಾಗಿದೆ.

ಸಂಸ್ಕೃತದಲ್ಲಿ ವಿಕಾಸವೆಂದರೆ ಅರಳುವುದು. ವಿಧಾನಸೌಧದ ಪಕ್ಕದ ವಿಕಾಸಸೌಧದ ಹೆಸರಿನಲ್ಲಾಗಲಿ, ಬೇಸಿಗೆ ರಜೆ ಬಂತೆಂದರೆ ನಮ್ಮ ಬಡಾವಣೆಯ ಗೋಡೆಗಳ ಮೇಲೆ ಕಾಣುವ ‘ವ್ಯಕ್ತಿತ್ವ ವಿಕಸನ ಶಿಬಿರ’ದ ಭಿತ್ತಿಪತ್ರದಲ್ಲಾಗಲಿ ಅದರ ಧ್ವನಿ ಏಳಿಗೆಯದೇ. ಡಾರ್ವಿನ್ ಅವರ ವಾದದಲ್ಲಿ ಏಳಿಗೆಯ ಭರವಸೆ ಇಲ್ಲ. ಮೆಕ್ಸಿಕೋದ ಗುಹೆಗಳ ಕತ್ತಲ ನೀರಿನಲ್ಲಿ ಬಾಳುವ ಒಂದು ಮೀನಿಗೆ ಭ್ರೂಣಾವಸ್ಥೆಯಲ್ಲಿ ಕಣ್ಣು ಮೂಡತೊಡಗಿ, ಬಳಿಕ ಕ್ಷೀಣಿಸಿ, ಕೊನೆಗೆ ಅದರ ಮೇಲೆ ಚರ್ಮ ಬೆಳೆದುಬಿಡುತ್ತದೆ. ಹೊರಗೆ ಹೊಳೆಯಲ್ಲಿರುವ ಅದೇ ಜಾತಿಯ ಮೀನಿಗೆ ಕಣ್ಣು ಸರಿಯಾಗಿಯೇ ಇದೆ. ಹೀಗೆ ಮುಚ್ಚಿಹೋದದ್ದನ್ನು ‘ಕಣ್ಣಿನ ವಿಕಾಸ’ ಎಂದು ಬರೆಯಲು ಕೈ ಬರುತ್ತಿಲ್ಲ.

ಇಂಗ್ಲಿಷ್ ಪದವೇನೂ ಮೇಲಲ್ಲ. ಅದರ ಲ್ಯಾಟಿನ್ ಮೂಲಕ್ಕೆ ಸುರುಳಿ ಬಿಚ್ಚುವುದೆಂಬ ಅರ್ಥವಿದೆ. 1859ರ ‘ಆರಿಜಿನ್ ಆಫ್ ಸ್ಪೀಷೀಸ್’ ಗ್ರಂಥದ ಮೊದಲ ಮುದ್ರಣದಲ್ಲಿ ಡಾರ್ವಿನ್ ಆ ನಾಮಪದವನ್ನು ಬಳಸಿಯೇ ಇಲ್ಲ, ‘ಎವಾಲ್ವ್ಡ್’ ಎಂಬ ಕ್ರಿಯಾರೂಪ ಮಾತ್ರ ಕಟ್ಟಕಡೆಯ ಪದವಾಗಿ ಬರುತ್ತದೆ. ಅವರು ಬಳಸಿದ ಮಾತನ್ನು ‘ಮಾರ್ಪಾಡಿನೊಡನೆ ಇಳಿದುಬಂದ ಪೀಳಿಗೆ’ ಎನ್ನಬಹುದು. ಅರ್ಥ ಸರಿಯಿದೆ, ಪಾಠದ ತಲೆಬರಹಕ್ಕೆ ಉದ್ದವಾಯಿತು.

ಇದರ ಜೊತೆಗೇ ಬರುವುದು ಇಂಗ್ಲಿಷ್ ಚಿಂತಕ ಹರ್ಬರ್ಟ್ ಸ್ಪೆನ್ಸರ್ 1864ರಲ್ಲಿ ಬಳಸಿದ ‘ಸರ್ವೈವಲ್ ಆಫ್ ದಿ ಫಿಟ್ಟೆಸ್ಟ್’ ಎಂಬ ಮಾತಿನ ‘ಫಿಟ್ಟೆಸ್ಟ್’. ‘ಬಲಿಷ್ಠರ ಉಳಿವು’ ಎಂಬುದು ತಪ್ಪೆಂದೇ ನನ್ನ ಅಭಿಪ್ರಾಯ. ಗುಹೆಯ ಮೀನಿನ ಬಲವೇನು? ‘ಒಗ್ಗಿದವುಗಳ ಉಳಿವು’ ಎಂದು ಬರೆದು ನೋಡಿದೆ, ಕಿವಿಗೂ ಹಿತವಾಗಿತ್ತು. ಆದರೆ ಒಗ್ಗುವುದೆಂದರೆ ಒಂದೇ ಜೀವ ತನ್ನ ಆಯುಸ್ಸಿನಲ್ಲಿ ಹೊಂದಿಕೊಳ್ಳುವುದು. ಮಲೆನಾಡಿನಿಂದ ಬಂದ ನನಗೆ ಬೆಂಗಳೂರಿನ ಬೋರ್‌ವೆಲ್ ನೀರು ಒಗ್ಗಲು ಎರಡು ವರ್ಷ ಹಿಡಿಯಿತು. ಆ ಒಗ್ಗಿಕೆಯನ್ನು ನನ್ನ ಮಕ್ಕಳು ಹುಟ್ಟುವಾಗಲೇ ಹೊತ್ತು ತರಲಿಲ್ಲ. ಆ ಪದ ಬಳಸಿದರೆ ಮಕ್ಕಳನ್ನು ಡಾರ್ವಿನ್ ಬದಲು, ಜೀವಿ ತನ್ನ ಆಯುಸ್ಸಿನಲ್ಲಿ ಗಳಿಸಿದ್ದು ಅದರ ಮರಿಗಳಿಗೂ ಇಳಿಯುತ್ತದೆ ಎಂದ ಲಮಾರ್ಕ್ ಕಡೆಗೆ ಕಳುಹಿಸಿದಂತಾಗುತ್ತದೆ. ಸದ್ಯಕ್ಕೆ ‘ಪರಿಸರಕ್ಕೆ ತಕ್ಕವುಗಳ ಉಳಿವು’ ಎಂದು ಇಟ್ಟುಕೊಂಡಿದ್ದೇನೆ.

ನನ್ನ ಪ್ರಶ್ನೆಗಳು ಎರಡು. ‘ವಿಕಾಸ’, ‘ವಿಕಸನ’ಗಳ ನಡುವೆ ಬಳಕೆಯಲ್ಲಿ ನೀವು ಏನಾದರೂ ವ್ಯತ್ಯಾಸ ಕಾಣುತ್ತೀರಾ? ಏಳಿಗೆಯ ಸೋಂಕಿಲ್ಲದೆ, ತಲೆಮಾರಿನಿಂದ ತಲೆಮಾರಿಗೆ ಆಗುವ ಬದಲಾವಣೆಯನ್ನಷ್ಟೇ ಹೇಳುವ ಮಾತು ಬೇಸಾಯದವರಲ್ಲೋ ದನ ಸಾಕುವವರಲ್ಲೋ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.