ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರ್‌ನಲ್ಲಿ ಫೀಡ್‌ಬ್ಯಾಕ್ ಬಿಟ್ಟೆ, ಗುಂಯ್‌ಗುಟ್ಟುತ್ತಿದೆ. ಅದೂ ಅಪಶ್ರುತಿಯಲ್ಲಿ!

ತಂಬೂರಿ_ಹುಚ್ಚ:
ತ್ಯಾಗರಾಜನಗರದಲ್ಲಿ ಒಂದೇ ರೂಮಿನ ಬಾಡಿಗೆ ಮನೆ, ಅದೇ ನನ್ನ ಸ್ಟುಡಿಯೋ. ದೊಡ್ಡಮ್ಮನ ತಂಬೂರಿ ರೆಕಾರ್ಡ್ ಮಾಡಿದ್ದೇನೆ, ಐದೂವರೆ ಮನೆ (ಜಿ ಶಾರ್ಪ್) ಶ್ರುತಿ. ಸುತ್ತು ಸುತ್ತಿಗೂ ಮಬ್ಬಾಗುತ್ತಾ ಹೋಗುವ ಎಕೋ ಬೇಕಿತ್ತು. ಎಕೋ ಟ್ರ್ಯಾಕಿನಿಂದ ಫಿಲ್ಟರ್ ಟ್ರ್ಯಾಕಿಗೆ ಸೆಂಡ್ (ದನಿ ಕಳಿಸುವ ದಾರಿ) ಕೊಟ್ಟೆ. ಅಲ್ಲಿಂದ ವಾಪಸ್ ಎಕೋಗೆ ಕೊಡಲು ಹೋದರೆ ರೀಪರ್ ಬಿಡಲಿಲ್ಲ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್‌ನಲ್ಲಿ ಹೀಗೆ ದನಿ ಸುತ್ತಿ ವಾಪಸ್ ಬರಲು (ಅದೇ ಫೀಡ್‌ಬ್ಯಾಕ್) ಬಿಡುವ ಟಿಕ್ ಸಿಕ್ಕಿತು, ಹಾಕಿದೆ. ಎರಡೇ ಸೆಕೆಂಡು, ಜೋರಾಗಿ ಗುಂಯ್ ಅಂತು. ರಾತ್ರಿ 11.30ಕ್ಕೆ ಕೆಳಗಿನಿಂದ ಓನರ್ ಅಜ್ಜಿ, "ಏನಪ್ಪಾ, ಬೋರ್‌ವೆಲ್ ಕೊರೆಸ್ತಿದ್ದೀಯಾ?" ಅಂದರು.
ಇದನ್ನು ಹದ್ದುಬಸ್ತಿನಲ್ಲಿ ಇಡೋದು ಹೇಗೆ? ಆ ಗುಂಯ್‌ಗೂ ನನ್ನ ಶ್ರುತಿಗೂ ಸಂಬಂಧವೇ ಇಲ್ಲ, ಯಾಕೆ?

ಹಳೇ_ಮಿಕ್ಸರ್:
ಮೊದಲು ಹೆಡ್‌ಫೋನ್ ತೆಗೆದಿಡಿ. ಸುತ್ತಿ ಬಂದ ದನಿ ಹೊರಟದ್ದಕ್ಕಿಂತ ಒಂಚೂರು ಜಾಸ್ತಿ ಇದ್ದರೂ ಬೆಳೆಯುತ್ತಲೇ ಹೋಗುತ್ತದೆ. ವಾಪಸ್ ಸೆಂಡ್ ಮೈನಸ್ 10 ಡಿಬಿಗೆ ಇಳಿಸಿ, ಆಮೇಲೆ ಮೆಲ್ಲಗೆ ಏರಿಸಿ. ಎಕೋ ಪ್ಲಗಿನ್‌ನ ಸ್ವಂತ ಫೀಡ್‌ಬ್ಯಾಕ್ ಪೂರ್ತಿ ಮುಚ್ಚಿ. ಫಿಲ್ಟರ್‌ಗೆ ರೆಸೊನೆನ್ಸ್ ಕೊಟ್ಟಿದ್ದರೆ ಅದು ಕತ್ತರಿಸಲು ಶುರು ಮಾಡುವ ಸ್ಥಾಯಿಯಲ್ಲಿ ದನಿ ಏರಿರುತ್ತದೆ, ಎಲ್ಲರೂ ಮೋಸ ಹೋಗೋದು ಅಲ್ಲೇ. ಲಿಮಿಟರ್ (ದನಿ ಮಿತಿ ದಾಟದಂತೆ ತಡೆಯುವ ಪ್ಲಗಿನ್) ಸುತ್ತಿನ ಒಳಗೇ ಇರಲಿ. ಎಲ್ಲ ಸೇರಿ ಹೊರಬರುವ ಮಾಸ್ಟರ್‌ನಲ್ಲಿ ಹಾಕಿದರೆ ಕಿವಿ ಉಳಿಯುತ್ತದೆ ಅಷ್ಟೇ, ಒಳಗೆ ಬೆಳೆಯೋದು ನಿಲ್ಲಲ್ಲ.

ಬಫರ್_ಭಟ್ಟ:
ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ತೆಗೆದುಕೊಳ್ಳುವ ದನಿಯ ತುಂಡು) 512 ಇಟ್ಟಿದ್ದೀರಿ, ಅಲ್ವಾ? ಈ ಥರ ವಾಪಸ್ ಬರುವ ದನಿ ಒಂದು ಬಫರ್‌ನಷ್ಟು ತಡವಾಗಿ ಬರುತ್ತದೆ. 48,000 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48,000 ಸ್ಯಾಂಪಲ್) 512 ಸ್ಯಾಂಪಲ್ ಅಂದರೆ 10.7 ಮಿಲಿಸೆಕೆಂಡ್, ಸೆಕೆಂಡಿಗೆ ಸುಮಾರು 94 ಸುತ್ತು. ನಿಮ್ಮ ಬೋರ್‌ವೆಲ್ ಅದೇ. ಎಕೋದಲ್ಲಿ ಡ್ರೈ (ಎಕೋ ಆಗದೆ ನೇರ ದಾಟುವ ದನಿ) ತೆರೆದೇ ಇರಬೇಕು, ಇಲ್ಲದಿದ್ದರೆ ಇಷ್ಟು ಚಿಕ್ಕ ಸುತ್ತು ಹುಟ್ಟೋದಿಲ್ಲ. ಸರಿ ಅನಿಸಿದ ಕೂಡಲೇ ಬೇರೆ ಟ್ರ್ಯಾಕಿಗೆ ರೆಕಾರ್ಡ್ ಮಾಡಿಡಿ. ಬಫರ್ ಬದಲಾಯಿಸಿದರೆ ಎಕೋ ಕಾಲವೂ ಬದಲಾಗುತ್ತದೆ.

ತಂಬೂರಿ_ಹುಚ್ಚ:
ಹೌದು, 512. ಡ್ರೈ ಮುಚ್ಚಿದೆ, ನಿಂತಿತು. ವಾಪಸ್ ಸೆಂಡ್ ಮೈನಸ್ 7ರಲ್ಲಿ ಎಕೋ ಹಿತವಾಗಿದೆ.
ಆದರೆ ಸುಮ್ನೆ ಇರಲಾಗಲಿಲ್ಲ. ಐದೂವರೆ ಮನೆಯ ಷಡ್ಜ ಸುಮಾರು 208 ಹರ್ಟ್ಸ್, ಅಂದರೆ ಸುತ್ತಿಗೆ 4.8 ಮಿಲಿಸೆಕೆಂಡ್ ಬೇಕು. ಬಫರ್ 128 ಮಾಡಿದರೆ 2.7 ಆಯಿತು. ಉಳಿದ 2.1 ಎಕೋದಲ್ಲಿ ಹಾಕಿ, ಕಿವಿಯಲ್ಲೇ ಒಂಚೂರು ತಿದ್ದಿದೆ. ಲಿಮಿಟರ್ ಒಳಗಿದೆ, ಸೆಂಡ್ ಮೆಲ್ಲಗೆ ಏರಿಸಿದೆ. ಗುಂಯ್ ಶ್ರುತಿಗೆ ಬಂದು ಕೂತಿತು!
ದೊಡ್ಡಮ್ಮನಿಗೆ ಫೋನಿನಲ್ಲಿ ಕೇಳಿಸಿದೆ. "ತಂತಿ ಮೀಟಿದ್ದು ಯಾರೋ?" ಅಂದರು.