ಕ್ಲೌನ್ ಮೀನು ಮೊಟ್ಟೆ ಇಟ್ಟಿದೆ, ಮರಿ ಉಳಿಸೋದು ಹೇಗೆ?

ಬೆಂಗಳೂರಿನಿಂದ ಕೇಳಿದ್ದು: ನಮ್ಮನೆ ಒಸೆಲ್ಲಾರಿಸ್ ಜಾತಿಯ ಕ್ಲೌನ್ ಮೀನಿನ ಜೋಡಿ ಮಣ್ಣಿನ ಕುಂಡದ ಮೇಲೆ ಮತ್ತೆ ಮೊಟ್ಟೆ ಇಟ್ಟಿದೆ. ಹೋದ ಸಲ ಮರಿ ಹೊರಬಂದ ಮಾರನೇ ಬೆಳಗ್ಗೆ ಒಂದೂ ಕಾಣಲಿಲ್ಲ. ಮನೆಯಲ್ಲೇ ಬೆಳೆಸಿದವರು ಹೇಗೆ ಮಾಡಿದಿರಿ, ಹೇಳಿ.

ಮೈಸೂರಿನಿಂದ: ರೋಟಿಫರ್ (ಮರಿ ತಿನ್ನುವ, ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಜೀವಿ) ಇದೆಯಾ? ಇಲ್ಲ ಅಂದರೆ ಈ ಸಲದ ಮೊಟ್ಟೆಯ ಆಸೆ ಬಿಡಿ. ಬೇಸರ ಮಾಡ್ಕೋಬೇಡಿ, ಒಮ್ಮೆ ಶುರು ಮಾಡಿದ ಜೋಡಿ ಎರಡು-ಮೂರು ವಾರಕ್ಕೊಮ್ಮೆ ಇಡುತ್ತಲೇ ಇರುತ್ತದೆ. ಅಷ್ಟರಲ್ಲಿ ಮರಿಗಳ ಊಟ ಸಿದ್ಧ ಮಾಡಿಕೊಳ್ಳಿ. ಈ ಕೆಲಸದಲ್ಲಿ ಮೀನು ಸಾಕೋದು ಕಮ್ಮಿ, ಊಟ ಬೆಳೆಸೋದೇ ಜಾಸ್ತಿ.

ಹೊಸ ಮರಿಯ ಬಾಯಿ ತೀರಾ ಚಿಕ್ಕದು. ಪುಡಿ ಮುಟ್ಟುವುದಿಲ್ಲ, ಆರ್ಟೀಮಿಯಾ (ಸೀಗಡಿ ಜಾತಿಯ ಪುಟ್ಟ ಜೀವಿ) ಮೊದಲ ದಿನಗಳಲ್ಲಿ ಆ ಬಾಯಿಗೆ ದೊಡ್ಡದಾಗುತ್ತದೆ. ರೋಟಿಫರ್ ಬೇಕೇ ಬೇಕು, ಅದಕ್ಕೆ ತಿನ್ನಲು ನ್ಯಾನೋಕ್ಲೊರಾಪ್ಸಿಸ್ ಪಾಚಿ ಬೇಕು. ಎರಡನ್ನೂ ಕುಡಿಯೋ ನೀರಿನ 20 ಲೀಟರ್ ಕ್ಯಾನ್‌ನಲ್ಲೇ ಬೆಳೆಸಬಹುದು. ಉಪ್ಪುನೀರು, ಬೆಳಕು, ಏರ್ ಪಂಪ್ ಇದ್ದರಾಯಿತು. ಆದರೆ ಪಾಚಿಯ ಕ್ಯಾನ್‌ಗೂ ರೋಟಿಫರ್ ಕ್ಯಾನ್‌ಗೂ ಒಂದೇ ಲೋಟ, ಒಂದೇ ಪೈಪ್ ಬಳಸಬೇಡಿ. ಒಂದು ಹನಿ ದಾಟಿದರೂ ಸಾಕು, ರೋಟಿಫರ್ ಹೆಚ್ಚಿ ಕೆಲವೇ ದಿನದಲ್ಲಿ ಹಸಿರನ್ನೆಲ್ಲ ತಿಂದು ಮುಗಿಸುತ್ತವೆ. ರೋಟಿಫರ್ ಎರಡು ಕ್ಯಾನ್‌ನಲ್ಲಿರಲಿ. ಒಂದು ಇದ್ದಕ್ಕಿದ್ದ ಹಾಗೆ ಕೆಟ್ಟು ಹೋಗುವುದು ಮಾಮೂಲಿ.

ಮೊಟ್ಟೆ ಮೊದಲು ಕಿತ್ತಳೆ ಬಣ್ಣ, ಆಮೇಲೆ ಕಂದು. ಕೊನೆಗೆ ಟಾರ್ಚ್ ಬಿಟ್ಟರೆ ಒಂದೊಂದರಲ್ಲೂ ಬೆಳ್ಳಿ ಚುಕ್ಕಿಯಂತೆ ಎರಡು ಕಣ್ಣು ಹೊಳೆಯುತ್ತವೆ. 27 ಡಿಗ್ರಿ ಆಸುಪಾಸಿನಲ್ಲಿ ಇದಕ್ಕೆ ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಅಲ್ಲಿಯವರೆಗೆ ಮೊಟ್ಟೆ ಗಂಡಿನ ಜವಾಬ್ದಾರಿ (ಜೋಡಿಯಲ್ಲಿ ಚಿಕ್ಕದೇ ಗಂಡು). ರೆಕ್ಕೆಯಿಂದ ಗಾಳಿ ಹಾಕುತ್ತದೆ, ಕೆಟ್ಟದ್ದನ್ನು ಆರಿಸಿ ತಿನ್ನುತ್ತದೆ. ಕಣ್ಣು ಬೆಳ್ಳಿಯಾದ ದಿನ ಸಂಜೆ ಕುಂಡವನ್ನು ನೀರಿನೊಳಗೇ ಪಾತ್ರೆಗೆ ಇಳಿಸಿ, ಸಣ್ಣ ಟ್ಯಾಂಕಿಗೆ ಸಾಗಿಸಿ. ನೀರು ಅದೇ ದೊಡ್ಡ ಟ್ಯಾಂಕಿನದ್ದಾಗಿರಲಿ. ಏರ್‌ಸ್ಟೋನ್ (ಏರ್ ಪಂಪಿನ ಪೈಪ್ ತುದಿಗೆ ಹಾಕುವ ಕಲ್ಲು) ಗುಳ್ಳೆ ಮೊಟ್ಟೆಯ ಪಕ್ಕದಲ್ಲೇ ಏಳಬೇಕು. ಲೈಟ್ ಆರಿಸಿದ ಒಂದೆರಡು ಗಂಟೆಯಲ್ಲಿ ಮರಿ ಹೊರಬರುತ್ತವೆ. ಫಿಲ್ಟರ್ ಹಾಕಬೇಡಿ. ಹೋದ ಸಲ ನಿಮ್ಮ ಮರಿಗಳು ಫಿಲ್ಟರ್‌ಗೋ ದೊಡ್ಡ ಮೀನಿನ ಬಾಯಿಗೋ ಹೋಗಿರುತ್ತವೆ.

ಟ್ಯಾಂಕಿನ ಸುತ್ತ ಕಪ್ಪು ಕಾಗದ, ಮಂದ ಬೆಳಕು, ನೀರಿಗೆ ಸ್ವಲ್ಪ ಹಸಿರು ಪಾಚಿ. ದಿನಾ ಏರ್‌ಲೈನ್ ಪೈಪಿನಿಂದ ತಳದ ಕಸ ಎಳೆದು, ತೆಗೆದಷ್ಟೇ ನೀರು ಹನಿಹನಿಯಾಗಿ ಬಿಡಿ. ಅಮೋನಿಯಾ ಏರಿದರೆ ಮರಿ ತಡೆಯುವುದಿಲ್ಲ. ವಾರದ ನಂತರ ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯಾ ಶುರು ಮಾಡಿ, ಸಿಪ್ಪೆ ಬೇರ್ಪಡಿಸಿಯೇ ಹಾಕಿ. ಹತ್ತು-ಹದಿನೈದು ದಿನದ ಹೊತ್ತಿಗೆ ತಲೆಯ ಹಿಂದೆ ಬಿಳಿ ಪಟ್ಟಿ ಮೂಡುತ್ತದೆ. ಆಗಲೂ ಕೆಲವು ಸಾಯುತ್ತವೆ.

ಕಾರವಾರದಿಂದ: ನಮ್ಮ ಜೋಡಿ ಕುಂಡ ಬಿಟ್ಟು ದೊಡ್ಡ ಕಲ್ಲಿನ ಮೇಲೆಯೇ ಇಡುತ್ತದೆ. ಅದನ್ನೆಲ್ಲಿ ಸಾಗಿಸೋದು? ಹಾಗಾಗಿ ರಾತ್ರಿ ಪಂಪ್ ಎಲ್ಲ ನಿಲ್ಲಿಸಿ ಒಂದು ಮೂಲೆಗೆ ಟಾರ್ಚ್ ಹಿಡಿಯುತ್ತೇವೆ. ಮರಿಗಳು ಬೆಳಕಿಗೆ ಬಂದು ಸೇರುತ್ತವೆ, ಲೋಟದಲ್ಲಿ ನೀರಿನ ಸಮೇತ ಎತ್ತಬೇಕು. ಬಲೆ ಬೇಡ, ಮೈಗೆ ಪೆಟ್ಟಾಗುತ್ತದೆ. ಇನ್ನು, ಸಮುದ್ರ ಪಕ್ಕದಲ್ಲಿದೆ ಅಂತ ಸುಲಭವೇನಲ್ಲ. ಮಳೆಗಾಲದಲ್ಲಿ ಕಾಳಿ ನದಿ ನೀರು ಸೇರಿ ಉಪ್ಪು ಇಳಿದಿರುತ್ತದೆ. ಆಗ ನಾವೂ ಆರ್‌ಒ ನೀರಿಗೆ ಅಕ್ವೇರಿಯಂಗೆಂದೇ ಬರುವ ಪ್ಯಾಕೆಟ್ ಸಮುದ್ರ ಉಪ್ಪು ಬೆರೆಸುವವರೇ.

ಹುಬ್ಬಳ್ಳಿಯಿಂದ: ಕರೆಂಟ್ ಬಗ್ಗೆ ಯಾರೂ ಹೇಳಲೇ ಇಲ್ವಲ್ಲ! ರೋಟಿಫರ್ ಕ್ಯಾನ್‌ಗೂ ಮರಿ ಟ್ಯಾಂಕಿಗೂ ಬ್ಯಾಟರಿ ಏರ್ ಪಂಪ್ ಇಟ್ಟುಕೊಳ್ಳಿ. ರೋಟಿಫರ್ ಎಲ್ಲಿ ಸಿಗುತ್ತೆ ಅಂತ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ವಿಚಾರಿಸಿ ನೋಡಿ.